ಬಾಣಂತಿಯ ಬಚ್ಚಲಲ್ಲಿ ಮೀಟಿಂಗು

ಬಾಣಂತಿಗೆ ನೀರು ಎರೆಯುವಾಗ ಅವಳ ಕಿವಿಯಲ್ಲಿ ಹತ್ತಿ ಇರಬೇಕು. ನಮ್ಮ ಕಡೆ ಅದು ಯಾರೂ ತಪ್ಪಿಸದ ಪದ್ಧತಿ. ನನ್ನ ಬಾಣಂತನದಲ್ಲಿ ಮಾತ್ರ ನನ್ನ ಕಿವಿಯಲ್ಲಿ ಹತ್ತಿ ಇರಲಿಲ್ಲ, ನನ್ನ ಮ್ಯಾನೇಜರ್ ಇದ್ದ. ಇದನ್ನು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ. ನಗಲಿ. ನನಗೆ ಮಾತ್ರ ಇವತ್ತಿಗೂ ಬಚ್ಚಲಿನಿಂದ ಬಿಸಿ ಆವಿ ಹೊರಗೆ ಬಂದರೆ ಮೈಯೆಲ್ಲ ಉರಿಯುತ್ತದೆ.

ಪುಣೆಯ ಹಡಪಸರದಲ್ಲಿ ನಮ್ಮದು ಬಾಡಿಗೆಯ ಫ್ಲ್ಯಾಟು. ಒಂದು ಹಾಲ್, ಒಂದು ಮಲಗುವ ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ನಾನೂ ನನ್ನ ಗಂಡನೂ ಕಲಬುರಗಿ ಕಡೆಯವರು. ಅವನು ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಾನೆ. ನಾನು ಹತ್ತಿರದಲ್ಲೇ ಒಂದು ಕಂಪನಿಯಲ್ಲಿ ಕನ್ನಡ ಕೇಳುವ ಕೆಲಸ ಮಾಡುತ್ತಿದ್ದೆ. ಹೌದು, ಕೇಳುವ ಕೆಲಸವೇ. ಕಾಲ್ ಸೆಂಟರಿಗೆ ಫೋನ್ ಮಾಡಿದಾಗ 'ಈ ಕರೆಯನ್ನು ಗುಣಮಟ್ಟಕ್ಕಾಗಿ ರೆಕಾರ್ಡ್ ಮಾಡಲಾಗುತ್ತದೆ' ಎಂದು ಒಂದು ದನಿ ಹೇಳುತ್ತದಲ್ಲ, ಆ ರೆಕಾರ್ಡನ್ನು ಆಮೇಲೆ ಯಾರೋ ಕೂತು ಕೇಳುತ್ತಾರೆ. ಆ ಯಾರೋ ನಾವು. ಫೋನಿನಲ್ಲಿ ಮಾತಾಡಿದ ಹುಡುಗ ಎಷ್ಟು ವಿನಯದಿಂದ ಮಾತಾಡಿದ, ಆ ಕಡೆಯವರ ಕಷ್ಟವನ್ನು ಗಮನಿಸಿದನೋ ಇಲ್ಲವೋ, ಮಧ್ಯೆ ಬಾಯಿ ಹಾಕಿದನೋ ಹೇಗೆ ಎಂದು ಅಂಕ ಹಾಕುತ್ತೇವೆ. ನಮ್ಮ ಗುಂಪಿನಲ್ಲಿ ಎಲ್ಲರೂ ಕನ್ನಡದವರು. ಅವರಿಗೆಲ್ಲ ನಾನು ಲೀಡ್ ಆಗಿದ್ದೆ. ಆ ಕುರ್ಚಿಗೆ ಬರಲು ನಾನು ವರ್ಷಗಟ್ಟಲೆ ಕಿವಿ ಸವೆಸಿದ್ದೇನೆ, ಸುಮ್ಮನೆ ಸಿಕ್ಕಿದ್ದಲ್ಲ.

ಹೆರಿಗೆ ರಜೆಗೆ ಹೋಗುವ ಹಿಂದಿನ ದಿನ ಮ್ಯಾನೇಜರ್ ನನ್ನನ್ನು ಕರೆದು ಕೂರಿಸಿದ. ಅವನು ಬೆಂಗಳೂರಿನವನು, ಮಾತು ಸಕ್ಕರೆ. 'ನಿಮ್ ಪೊಸಿಷನ್ ನಿಮಗೇ ಇಟ್ಟಿರ್ತೀನಿ, ಟೆನ್ಶನ್ ತಗೋಬೇಡಿ. ಡೆಲಿವರಿ ಆದ್ಮೇಲೆ ಸ್ವಲ್ಪ ಫ್ರೀ ಆದಾಗ ಡೈಲಿ ಕಾಲ್‌ಗೆ ಜಾಯ್ನ್ ಆಗ್ತಾ ಇರಿ, ಅಷ್ಟೇ. ಜಸ್ಟ್ ಕೇಳಿಸ್ಕೊಂಡ್ರೆ ಸಾಕು. ಆಗಲ್ಲ ಅಂದ್ರೆ ಆ ಚೇರ್‌ಗೆ ಬೇರೆ ಯಾರನ್ನಾದ್ರೂ ಹಾಕ್ಲೇಬೇಕಾಗುತ್ತೆ, ನನ್ ಕೈಯಲ್ಲಿಲ್ಲ' ಎಂದ. ನನ್ನ ಕೈಯಲ್ಲಿಲ್ಲ ಎನ್ನುವವರ ಕೈಯಲ್ಲೇ ಎಲ್ಲವೂ ಇರುತ್ತದೆ ಎಂದು ನನಗೆ ಅವತ್ತೇ ತಿಳಿಯಬೇಕಿತ್ತು. ನಾನು ತಲೆ ಆಡಿಸಿದೆ. ಕಂಪನಿಯ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಹೆರಿಗೆ ಆಪರೇಶನ್ನಿನಲ್ಲಿ ಮುಗಿಯಿತು. ಕೂಸಿಗೆ ಕಾಮಾಲೆ ಬಂದು ಡಾಕ್ಟರು ಊರಿಗೆ ಕರೆದುಕೊಂಡು ಹೋಗುವುದು ಬೇಡವೆಂದರು. ಹಾಗಾಗಿ ನಾನು ತವರಿಗೆ ಹೋಗುವ ಬದಲು ತವರೇ ಪುಣೆಗೆ ಬಂತು. ಅವ್ವ ಬಸ್ಸಿಳಿದದ್ದು ಸ್ವಾರಗೇಟಿನಲ್ಲಿ. ತಲೆಯ ಮೇಲೊಂದು ಗಂಟು, ಕೈಯಲ್ಲಿ ಅಜವಾನ, ಲೋಬಾನ, ಪಾಯಸಕ್ಕೆ ಅಳವಿ ಕಾಳು, ಒಣ ಬೇವಿನೆಲೆ ತುಂಬಿದ ಚೀಲ. ಅವಳಿಗೆ ಮರಾಠಿ ಬರುವುದಿಲ್ಲ, ಹಿಂದಿ ಬರುವುದಿಲ್ಲ. ಬಾಣಂತನ ಮಾಡಲು ಅವು ಬೇಕಾಗಿಯೂ ಇರಲಿಲ್ಲ.

ಬಂದವಳು ಮೊದಲು ನೋಡಿದ್ದು ನಮ್ಮ ಬಚ್ಚಲನ್ನು. ಗೀಸರಿನ ನೀರಿನಲ್ಲಿ ಬೆರಳು ಅದ್ದಿ ಮುಖ ಸಿಂಡರಿಸಿದಳು. 'ಇದೇನ್ ಬಿಸಿ? ಇದರಾಗ ಬಾಣಂತಿ ಅಲ್ಲ, ಬೆಕ್ಕೂ ಮೈ ತೊಳಕೊಳ್ಳಂಗಿಲ್ಲ' ಎಂದಳು. ಅವತ್ತಿನಿಂದ ದೊಡ್ಡ ಪಾತೇಲಿಯಲ್ಲಿ ಬೇವಿನೆಲೆ ಹಾಕಿ ಗ್ಯಾಸಿನ ಮೇಲೆ ನೀರು ಕುದಿಸುವುದು ಶುರುವಾಯಿತು. ಬಚ್ಚಲಿನ ಕಿಟಕಿಗೆ ಹಳೆಯ ಸೀರೆ ತುರುಕಿದಳು. ಗಾಳಿ ಎಳೆಯುವ ಫ್ಯಾನಿನ ಸ್ವಿಚ್ಚಿಗೆ ಟೇಪು ಹಚ್ಚಿದಳು. ಬಾಗಿಲು ಹಾಕಿದರೆ ಒಳಗೆ ಆವಿ ಎಷ್ಟಿರುತ್ತಿತ್ತೆಂದರೆ ಎದುರಿನ ಗೋಡೆಯ ಟೈಲ್ಸಿನ ಬಣ್ಣ ಕಾಣುತ್ತಿರಲಿಲ್ಲ. ಮೂಲೆಯಲ್ಲಿ ಕೆಂಡದ ಮೇಲೆ ಲೋಬಾನದ ಹೊಗೆ ಬೇರೆ. ನಾನು ಮಣೆಯ ಮೇಲೆ ಗೋಡೆಗೆ ಮುಖ ಮಾಡಿ ಕೂರುವುದು, ಅವಳು ಹಿಂದೆ ನಿಂತು ಸೊಂಟಕ್ಕೆ, ಬೆನ್ನಿಗೆ ತಂಬಿಗೆಯಿಂದ ನೀರು ಬಡಿಯುವುದು. ಬಡಿಯುವುದು ಎಂಬ ಮಾತೇ ಸರಿ. ಮೊದಲ ತಂಬಿಗೆಗೆ ಜೀವ ಹೋದಂತಾಗುತ್ತಿತ್ತು, ಆಮೇಲೆ ಸೊಂಟದ ನೋವು ಎಳೆ ಎಳೆಯಾಗಿ ಬಿಡುತ್ತಿತ್ತು. ಇಡೀ ದಿನದಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ ಹೊತ್ತು.

ಆ ಹೊತ್ತಿಗೇ ಮೀಟಿಂಗು.

ನನಗೆ ಹೊತ್ತು ಬದಲಿಸಲು ಆಗುತ್ತಿರಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಮೊದಲು ಎರೆಯಬೇಕು. ಅದು ಹಾಲು ಕುಡಿದು ಮಲಗಿದ ಮೇಲೆ ನನಗೆ. ಅದು ಏಳುವುದರೊಳಗೆ ನನ್ನದು ಮುಗಿಯಬೇಕು. ಬೆಳಗಿನ ಆ ಹೊತ್ತನ್ನು ಕೂಸು ನಿಗದಿ ಮಾಡಿತ್ತು. ಮ್ಯಾನೇಜರಿಗೆ ಹೇಳಿದೆ, ಮಧ್ಯಾಹ್ನ ಇಟ್ಟುಕೊಳ್ಳಿ ಎಂದು. 'ಕ್ಲೈಂಟ್ ಟೈಮ್ ಅಲ್ವಾ, ಮೂವ್ ಮಾಡೋಕಾಗಲ್ಲ. ಬಟ್ ನೋ ಪ್ರೆಶರ್. ನೀವು ಬರ್ಲಿಲ್ಲ ಅಂದ್ರೆ ನಾನ್ ಅರ್ಥ ಮಾಡ್ಕೋತೀನಿ' ಎಂದ. ಅವನು ಅರ್ಥ ಮಾಡಿಕೊಂಡರೆ ನನ್ನ ಕುರ್ಚಿ ಹೋಗುತ್ತದೆ ಎಂಬುದು ನನಗೂ ಅರ್ಥವಾಗುತ್ತಿತ್ತು.

ಇಲ್ಲಿ ನನ್ನ ಗಂಡ ಬರುತ್ತಾನೆ. ಅವನು ಕೆಟ್ಟವನಲ್ಲ. ಕುದಿಯುವ ಪಾತೇಲಿಯನ್ನು ದಿನವೂ ಅವನೇ ಎತ್ತಿ ಬಚ್ಚಲಿಗೆ ಇಟ್ಟು ಡ್ಯೂಟಿಗೆ ಹೋಗುತ್ತಿದ್ದ. ಆದರೆ ಯಾರಿಗಾದರೂ ಇಲ್ಲ ಎಂದು ಹೇಳಬೇಕಾದ ಜಾಗದಲ್ಲಿ ಸ್ಕ್ರೂಡ್ರೈವರ್ ಹುಡುಕುವ ಗಂಡಸು. 'ಇದೇನ್ ದೊಡ್ಡ ಮಾತು? ಬಚ್ಚಲದಾಗ ವಾಷಿಂಗ್ ಮಷಿನ್ ಅದಲ್ಲ, ಅದರ ಮ್ಯಾಲ ಇಡೋಣು' ಎಂದ. ಕೀಬೋರ್ಡಿನ ಮೇಲೆ ತೆಳು ಪ್ಲಾಸ್ಟಿಕ್ ಎಳೆದು ಅಂಟಿಸಿದ. ಕ್ಯಾಮೆರಾದ ಮೇಲೆ ನನ್ನ ಹಣೆಯ ಟಿಕಳಿಯೊಂದನ್ನು ಹಚ್ಚಿದ. ತಂತಿಯಿಲ್ಲದ ನನ್ನ ಎರಡು ಇಯರ್‌ಫೋನುಗಳ ಮೈಕು ನೀರಿನ ಸಪ್ಪಳವನ್ನೇ ಹಿಡಿಯುತ್ತಿದೆ ಎಂದು ಮ್ಯಾನೇಜರ್ ಗೊಣಗಿದ ಮೇಲೆ, ನಾನು ಕೇಳುವುದು ಕಿವಿಯಲ್ಲಿ, ಮಾತಾಡುವುದು ಲ್ಯಾಪ್‌ಟಾಪಿನ ಮೈಕಿನಲ್ಲಿ ಆಗುವಂತೆ ಏನೋ ಬದಲಿಸಿದ. ಒದ್ದೆ ಕೈಯಲ್ಲಿ ಮುಟ್ಟುವುದೇ ಬೇಡವೆಂದು ಮೈಕನ್ನು ತೆರೆದೇ ಇಟ್ಟ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ತನ್ನ ಕೆಲಸವನ್ನು ತಾನೇ ನೋಡಿ ಹಿಗ್ಗಿದ. ಅವನ ಗೆಳೆಯರಿಗೆ ಫೋನಿನಲ್ಲಿ ಹೇಳಿದ್ದೂ ಆಯಿತು. ಎಲ್ಲರೂ ಭೇಷ್ ಅಂದರಂತೆ. ಆಪರೇಶನ್ ಆದ ಹೆಂಗಸನ್ನು ಮಣೆಯ ಮೇಲೆ ಕೂರಿಸಿ ಕೆಲಸ ಮಾಡಿಸುವುದಕ್ಕೆ ಭೇಷ್.

ಅವ್ವ ಮಾತ್ರ ಹತ್ತಿಯ ವಿಷಯಕ್ಕೆ ಜಗಳ ತೆಗೆದಳು. ಬಾಣಂತಿಯ ಕಿವಿಯಲ್ಲಿ ಗಾಳಿ ಹೊಕ್ಕರೆ ಜೀವಮಾನವಿಡೀ ತಲೆನೋವು ಎಂಬುದು ಅವಳ ನಂಬಿಕೆ. ನಾನು ಇಯರ್‌ಫೋನುಗಳನ್ನು ಅವಳ ಅಂಗೈಗೆ ಹಾಕಿದೆ. ತಿರುಗಿಸಿ ಮುರುಗಿಸಿ ನೋಡಿದಳು.

'ಇದನ್ನ ಹಾಕ್ಕೊಂಡ್ರ ಗಾಳಿ ಹೋಗಂಗಿಲ್ಲೇನು?'

'ಇಲ್ಲವ್ವ. ಗಾಳಿ ಅಷ್ಟ ಅಲ್ಲ, ಹೊರಗಿನ ಸಪ್ಪಳಾನೂ ಹೋಗಂಗಿಲ್ಲ.'

'ಹಂಗಾರ ಹತ್ತಿ ಬದ್ಲಿ ಇದ ಇರಲಿ. ಮ್ಯಾಲ ಅರಿವಿ ಬಿಗದು ಕಟ್ತೀನಿ.'

ಹಾಗೆ ನನ್ನ ಅವ್ವ ತನ್ನ ಕೈಯಾರೆ ದಿನವೂ ಆ ಎರಡು ಬಿಳಿ ತುಂಡುಗಳನ್ನು ನನ್ನ ಕಿವಿಯೊಳಗೆ ಒತ್ತಿ, ಮೇಲೆ ಬಟ್ಟೆ ಸುತ್ತಿ ಗಂಟು ಹಾಕುತ್ತಿದ್ದಳು. ಅವು ನಿಜಕ್ಕೂ ಒಳ್ಳೆಯ ಕಂಪನಿಯವು. ನೀರಿನ ಸಪ್ಪಳವಾಗಲಿ ಅವ್ವನ ಗೊಣಗಾಟವಾಗಲಿ ನನಗೆ ಒಂದಿಷ್ಟೂ ಕೇಳಿಸುತ್ತಿರಲಿಲ್ಲ. ಬೆನ್ನ ಮೇಲೆ ನೀರು ಬೀಳುವುದು ಗೊತ್ತಾಗುತ್ತಿತ್ತು, ಕಿವಿಯಲ್ಲಿ ಮೀಟಿಂಗು ನಡೆಯುತ್ತಿತ್ತು.

ಎಂಥ ಮೀಟಿಂಗು! ಕನ್ನಡದ ಕರೆಗಳ ಬಗ್ಗೆ, ಕನ್ನಡಿಗರೆಲ್ಲ ಸೇರಿ, ಇಂಗ್ಲಿಷಿನಲ್ಲಿ ಮಾತಾಡುವುದು. ಯಾವನೋ ಗಿರಾಕಿ ಹಲೋ ಎಂದ ಮೇಲೆ ಹುಡುಗ ಎಷ್ಟು ಹೊತ್ತಿಗೆ ನಮಸ್ಕಾರ ಎಂದ ಎಂಬುದರ ಮೇಲೆ ಅರ್ಧ ಗಂಟೆ ಚರ್ಚೆ. 'ಜಸ್ಟ್ ಕೇಳಿಸ್ಕೊಳ್ಳಿ' ಎಂದವನು ಮೂರನೆಯ ದಿನದಿಂದಲೇ ನನ್ನನ್ನು ಪ್ರಶ್ನೆ ಕೇಳಲು ಶುರು ಮಾಡಿದ. ಈ ಅಂಕ ಯಾಕೆ ಕಮ್ಮಿ, ಆ ಹುಡುಗಿಗೆ ಯಾರು ಕಲಿಸುವುದು, ಮುಂದಿನ ವಾರದ ಪಟ್ಟಿ ಎಲ್ಲಿ. ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು, ನಾನು ಗೋಡೆಗೆ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದೆ. ಒಮ್ಮೆ ಒಬ್ಬಳು, 'ಮೇಡಂ, ನಿಮ್ಮ ಕಡೆ ಮಳೆನಾ?' ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೈಯುವ ಶಕ್ತಿ ಇರಲಿಲ್ಲ.

ಲ್ಯಾಪ್‌ಟಾಪಿಗೂ ಒಂದು ಮಿತಿ ಇದೆ. ಒಂದು ದಿನ ಪರದೆಯ ಮೇಲೆ ಗೆರೆಗಳು ಬಂದವು. ಮರುದಿನ ಮೀಟಿಂಗು ನಡೆಯುತ್ತಿರುವಾಗಲೇ ಟಕ್ ಎಂದು ಆರಿತು. ನನ್ನ ಕಿವಿಯಲ್ಲಿ ಒಮ್ಮೆಲೇ ಏನೂ ಇಲ್ಲ. ನಾನು ಇಯರ್‌ಫೋನು ತೆಗೆದು ಅವ್ವನಿಗೆ ಹೇಳಿದೆ, ಇನ್ನೆರಡು ತಂಬಿಗೆ ಹೆಚ್ಚು ಹಾಕು ಎಂದು. ಅವತ್ತು ನಾನು ಬಚ್ಚಲಲ್ಲಿ ನಿದ್ದೆ ಮಾಡಿದೆ. ಗಂಡ ಸಂಜೆ ಬಂದು ಹೇರ್ ಡ್ರೈಯರ್ ಹಿಡಿದು ಗಾಳಿ ಹಾಕಿದ, ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟ. ಅದು ಏಳಲಿಲ್ಲ. ಕೊನೆಗೆ ಕಂಪನಿಗೆ ಒಯ್ದು ಕೊಟ್ಟ. ಅಲ್ಲಿ ಬಿಚ್ಚಿ ನೋಡಿದವನು ಒಳಗೆ ತೇವ, ಎಣ್ಣೆ, ಹೊಗೆಯ ಮಸಿ ಮೂರೂ ಸಿಕ್ಕಿವೆ ಎಂದು ಮೇಲಿನವರಿಗೆ ತಿಳಿಸಿದ. ಕಂಪನಿಯ ವಸ್ತು ಬಚ್ಚಲಿಗೆ ಹೇಗೆ ಹೋಯಿತು ಎಂಬ ವಿಚಾರಣೆ ಎಚ್ಆರ್ ವಿಭಾಗಕ್ಕೆ ಹೋಯಿತು.

ಎಚ್ಆರ್‌ನವರಿಗಿಂತ ಮೊದಲು ಮ್ಯಾನೇಜರಿನ ಫೋನು ಬಂತು.

'ನೋಡಿ, ಅವ್ರು ಕಾಲ್ ಮಾಡಿ ಬಾತ್‌ರೂಮ್‌ನಲ್ಲಿ ಯಾಕಿತ್ತು ಅಂತ ಕೇಳ್ತಾರೆ. ಸಿಂಪಲ್. ಏನೋ ಸೀರಿಯಲ್ ನೋಡ್ತಾ ಸ್ನಾನ ಮಾಡ್ತಿದ್ದೆ ಅಂದ್ಬಿಡಿ. ಒಂದು ವಾರ್ನಿಂಗ್ ಕೊಟ್ಟು ಬಿಡ್ತಾರೆ.'

'ಮೀಟಿಂಗಲ್ಲಿದ್ದೆ ಅಂದ್ರೆ?'

'ಅದೇ ಹೇಳ್ತಿರೋದು. ಮೆಟರ್ನಿಟಿ ಲೀವ್‌ನಲ್ಲಿರೋರ ಹತ್ರ ಕೆಲ್ಸ ಮಾಡಿಸಿದ್ರೆ ಲೀಗಲಿ ಪ್ರಾಬ್ಲಮ್. ನಾನು ಅಫಿಶಿಯಲ್ ಆಗಿ ನಿಮ್ಮನ್ನ ಕರೆದೇ ಇಲ್ಲ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದ್ದು, ನೀವು ಗೆಸ್ಟ್ ಅಂತ ಬಂದಿದ್ದು. ನಿಮ್ ಹೆಸರೇ ಇಲ್ಲ ಎಲ್ಲೂ. ನಿಮ್ ಚೇರ್ ಬಗ್ಗೆ ಯೋಚ್ನೆ ಮಾಡಿ, ಅಷ್ಟೇ ನಾನ್ ಹೇಳೋದು.'

ನನಗೆ ಬಂದ ಸಿಟ್ಟಿಗೆ ಎದೆಯಲ್ಲಿ ಹಾಲು ಕಟ್ಟಿತು. ಇದು ಉತ್ಪ್ರೇಕ್ಷೆಯಲ್ಲ. ಅವ್ವ ಬಿಸಿ ಬಟ್ಟೆ ಒತ್ತಿ ಒತ್ತಿ ಇಳಿಸಬೇಕಾಯಿತು. ಒಂದು ದಿನವಾದರೂ ನಾನು ಆ ಬಚ್ಚಲಲ್ಲಿ ಸೀರಿಯಲ್ ನೋಡಿದ್ದರೆ, ಹಾಡು ಕೇಳಿದ್ದರೆ, ಬೇಡ, ಸುಮ್ಮನೆ ಕೂತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನನ್ನ ನಿದ್ದೆ ತಿಂದು, ನನ್ನ ಬಾಣಂತನ ತಿಂದು, ಈಗ ನಾನೇ ಮೋಜು ಮಾಡುತ್ತಿದ್ದೆ ಎಂದು ನನ್ನ ಬಾಯಲ್ಲೇ ಹೇಳಿಸಬೇಕಂತೆ.

ಗಂಡನಿಗೆ ಹೇಳಿದೆ. ಅವನು ಮೊದಲು ಮ್ಯಾನೇಜರಿಗೆ ಬೈದ. ಆಮೇಲೆ ನೆಲ ನೋಡುತ್ತ, 'ಹೇಳಿಬಿಡು. ಏನ್ ಹೋಗ್ತದ? ಇಲ್ಲಂದ್ರ ಇನ್ನೊಂದ್ ಹೇಳಬಹುದು. ಅತ್ತಿ ನೀರು ಕಾಯಿಸೋವಾಗ ಕೈ ಜಾರಿ ಮ್ಯಾಲ ಬಿತ್ತು ಅಂತ. ವಯಸ್ಸಾದವ್ರು, ಯಾರು ಏನಂತಾರ?' ಎಂದ.

ನಾನು ಅವನನ್ನು ನೋಡಿದ ರೀತಿಗೆ ಅವನು ಎದ್ದು ಬಾಲ್ಕನಿಗೆ ಹೋದ. ಆದರೆ ಅಡುಗೆಮನೆಯಲ್ಲಿ ಅಳವಿ ಪಾಯಸ ತಿರುವುತ್ತಿದ್ದ ಅವ್ವನ ಕಿವಿಗೆ ಆ ಮಾತು ಬಿದ್ದಿತ್ತು. ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

'ಅಳಿಯಂದ್ರು ಖರೇನ ಹೇಳ್ತಾರ. ನನ್ನ ಹೆಸರು ಹೇಳು. ಮುದುಕಿ ನೀರು ಚೆಲ್ಲಿದ್ಲು ಅನ್ನು. ನಂಗೇನು ಅಲ್ಲಿ ನೌಕರಿ ಅದಯೇನು ಹೋಗ್ಲಿಕ್ಕೆ?'

'ನೀ ಚೆಲ್ಲಿಲ್ಲವ್ವ.'

'ಚೆಲ್ಲಿಲ್ಲ, ಖರೆ. ಹೊಗಿ ಹಾಕಿದಾಕಿ ನಾನ, ಕಿಟಕಿ ಮುಚ್ಚಿದಾಕಿ ನಾನ. ನಿನ್ನ ಕುರ್ಚಿ ಉಳೀಲಿ.'

ಅವಳಿಗೆ ಆ ಕುರ್ಚಿ ಎಂದರೆ ಏನೆಂದು ಗೊತ್ತಿರಲಿಲ್ಲ. ಮಗಳು ಅದಕ್ಕಾಗಿ ಮಣೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡು ಯಾರಿಗೋ ಉತ್ತರ ಕೊಡುತ್ತಾಳೆ ಎಂಬುದಷ್ಟೇ ಗೊತ್ತು. ಅಷ್ಟಕ್ಕೇ ತನ್ನ ಹೆಸರು ಕೆಡಿಸಿಕೊಳ್ಳಲು ತಯಾರಾಗಿ ನಿಂತಿದ್ದಳು. ನನ್ನನ್ನು ಬಿಸಿನೀರಿನಲ್ಲಿ ಮತ್ತೆ ಮನುಷ್ಯಳನ್ನಾಗಿ ಮಾಡಿದವಳು ಈಗ ನನ್ನ ಲ್ಯಾಪ್‌ಟಾಪು ಕೆಡಿಸಿದ ಮುದುಕಿಯಾಗಬೇಕಿತ್ತು. ಕುರ್ಚಿ ಹೋದರೆ ಹೋಗಲಿ ಎಂದು ನಾನು ತೀರ್ಮಾನ ಮಾಡಿದ್ದು ಆಗ.

ಎಚ್ಆರ್‌ನಿಂದ ಫೋನು ಮಾಡಿದ ಹೆಂಗಸು ಮರಾಠಿಯವಳು, ಹಿಂದಿಯಲ್ಲಿ ಮಾತಾಡಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು, ನಿಮ್ಮ ಮ್ಯಾನೇಜರ್ ಬೇರೆಯೇ ಹೇಳುತ್ತಾರಲ್ಲ, ಮೀಟಿಂಗಿನ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವಲ್ಲ ಎಂದಳು. ಹೆಸರಿಲ್ಲ, ದನಿ ಇದೆ, ಎಂದೆ. ನಮ್ಮ ಕಂಪನಿಯಲ್ಲಿ ರೆಕಾರ್ಡ್ ಆಗದ ಮಾತಿಲ್ಲ, ದಿನದ ಮೀಟಿಂಗುಗಳೂ ತಾವಾಗಿಯೇ ರೆಕಾರ್ಡ್ ಆಗುತ್ತವೆ, ಅವನ್ನು ಅಳಿಸುವ ಅಧಿಕಾರ ಮ್ಯಾನೇಜರಿಗಿಲ್ಲ. ಅವುಗಳಲ್ಲಿ ಯಾವುದನ್ನಾದರೂ ತೆಗೆದು ಕೇಳಿ, ಹಿಂದೆ ನೀರು ಸುರಿಯುತ್ತಿರುತ್ತದೆ, ಅದು ನಾನು, ಎಂದೆ. ಕೇಳುವವರ ಕಂಪನಿಯಲ್ಲಿ ಅದನ್ನು ಕೇಳಬೇಕೆಂದು ಯಾರಿಗೂ ಅಷ್ಟರವರೆಗೆ ಹೊಳೆದಿರಲಿಲ್ಲ.

ಎರಡು ದಿನ ಬಿಟ್ಟು ಆಫೀಸಿಗೆ ಬರಲು ಹೇಳಿದರು. ಹಸಿ ಬಾಣಂತಿ ಹೊಸ್ತಿಲು ದಾಟುವುದೆಂದರೆ ಅವ್ವನಿಗೆ ಜೀವವೇ ಹೋದಂತೆ. ನನಗೆ ಸ್ವೆಟರ್ ತೊಡಿಸಿ, ತಲೆಗೆ ಸ್ಕಾರ್ಫು ಬಿಗಿದು, ಈ ಸಲ ಕಿವಿಗೆ ಹತ್ತಿಯನ್ನೇ ತುರುಕಿ ಕಳಿಸಿದಳು. ಕೂಸನ್ನು ಅವಳ ಹತ್ತಿರ ಬಿಟ್ಟು ಗಂಡನ ಜೊತೆ ಆಟೋದಲ್ಲಿ ಹೋದೆ. ಅವನು ಕೆಳಗೆ ಕಾಯುತ್ತ ಕೂತ. ದಾರಿಯಲ್ಲಿ ಒಂದೇ ಮಾತಾಡಿದ: 'ನೀ ಅಂದದ್ದು ಬರೋಬರಿ ಅದ.' ಮೊದಲೇ ಅಂದಿದ್ದರೆ ಚೆನ್ನಾಗಿತ್ತು.

ಸಣ್ಣ ಕೋಣೆ. ಎಚ್ಆರ್ ಹೆಂಗಸಿನ ಪಕ್ಕದಲ್ಲಿ ಮ್ಯಾನೇಜರ್ ಕೂತಿದ್ದ. ಹೇಗಿದ್ದೀರಿ, ಪಾಪು ಹೇಗಿದೆ, ಎಂದ. ನಾನು ಸ್ಕಾರ್ಫು ಬಿಚ್ಚಿ ಹತ್ತಿ ತೆಗೆದು ಮೇಜಿನ ಮೇಲಿಟ್ಟೆ. ಆ ಹೆಂಗಸು ನೇರವಾಗಿ ವಿಷಯಕ್ಕೆ ಬಂದಳು. ರೆಕಾರ್ಡಿಂಗುಗಳನ್ನು ಕೇಳಿದ್ದೇನೆ, ನಿಮ್ಮ ದನಿ ಇದೆ, ನೀರಿನ ಸಪ್ಪಳವೂ ಇದೆ, ನೀವು ಮೀಟಿಂಗಿನಲ್ಲಿದ್ದದ್ದು ಹೌದು ಎಂದಳು. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದ.

'ಇನ್ನೊಂದು ದನಿಯೂ ಇದೆ' ಎಂದಳು ಅವಳು ಹಿಂದಿಯಲ್ಲಿ. 'ವಯಸ್ಸಾದ ಹೆಂಗಸಿನದು. ಸುಮಾರು ಎಲ್ಲ ದಿನವೂ ಇದೆ. ಭಾಷೆ ನನಗೆ ಬರುವುದಿಲ್ಲ. ಇವರನ್ನು ಕೇಳಿದರೆ, ಮನೆಯ ಏನೋ ಮಾತು, ಸಂಬಂಧವಿಲ್ಲ ಎಂದರು. ನೀವೇ ಹೇಳಿ, ಏನದು?'

ಅವ್ವ ಯಾವಾಗಲೂ ಏನಾದರೂ ಗೊಣಗುತ್ತಿರುತ್ತಾಳೆ. ಮೊಮ್ಮಗಳಿಗೆ ಹಾಡು ಹೇಳಿರಬೇಕು, ಇಲ್ಲ ಗ್ಯಾಸಿಗೆ ಬೈದಿರಬೇಕು ಎಂದುಕೊಂಡೆ. ಎಚ್ಆರ್ ಹೆಂಗಸು ಗುಂಡಿ ಒತ್ತಿದಳು.

ನೀರಿನ ಸಪ್ಪಳ. ನನ್ನ ದನಿ, ದಣಿದದ್ದು, ಯಾವುದೋ ಅಂಕದ ಬಗ್ಗೆ ಇಂಗ್ಲಿಷಿನಲ್ಲಿ. ಆಮೇಲೆ ಮೈಕಿಗೆ ತೀರ ಹತ್ತಿರದಲ್ಲಿ, ಬಾಯಿ ಇಟ್ಟು ಮಾತಾಡಿದಷ್ಟು ಹತ್ತಿರದಲ್ಲಿ, ಅವ್ವ:

'ರೀ ಸಾಹೇಬ್ರ, ಇಕಿ ಹಸಿ ಬಾಣಂತಿ ಅದಾಳ್ರಿ. ಹೊಟ್ಟಿ ಕೊಯ್ದಾರ್ರಿ ಇಕಿಗೆ. ಕೂತಲ್ಲೆ ತೂಕಡಿಸ್ಲಿಕ್ಕತ್ತಾಳ. ನೀರು ಎರೆಯೋತನಕ ಬಿಡ್ರಿ ಇಕಿನ್ನ, ನಿಮ್ಮ ಕೈ ಮುಗೀತೀನಿ.'

ರೆಕಾರ್ಡಿಂಗಿನಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಆ ಸುಮ್ಮನಿರುವಿಕೆ ನನಗೆ ನೆನಪಿದೆ. ನಡುನಡುವೆ ಹಾಗೆ ಆಗುತ್ತಿತ್ತು, ನೆಟ್‌ವರ್ಕ್ ಹೋಯಿತೆಂದು ನಾನು ಕಾಯುತ್ತಿದ್ದೆ. ಆಮೇಲೆ ಮ್ಯಾನೇಜರಿನ ದನಿ, ಅದೇ ಸಕ್ಕರೆಯಂಥದ್ದು: 'ಓಕೆ, ಮೂವಿಂಗ್ ಆನ್.'

ಅವಳು ಇನ್ನೊಂದು ದಿನದ್ದನ್ನು ಹಾಕಿದಳು. ಅದರಲ್ಲೂ ಅವ್ವ ಇದ್ದಳು. ನಿಮ್ಮ ಮನೆಯಲ್ಲೂ ಅಕ್ಕತಂಗಿಯರು ಇದ್ದಾರಲ್ಲ ಎನ್ನುತ್ತಿದ್ದಳು. ಇನ್ನೊಂದರಲ್ಲಿ, ಬೇಕಾದರೆ ಇಕಿಯ ಬದಲು ನನ್ನನ್ನು ಕೇಳಿ, ನನಗೆ ಗೊತ್ತಿದ್ದದ್ದು ಹೇಳುತ್ತೇನೆ ಎನ್ನುತ್ತಿದ್ದಳು. ಪ್ರತಿ ಸಲವೂ ಆ ಸಣ್ಣ ಮೌನ. ಪ್ರತಿ ಸಲವೂ ಮೀಟಿಂಗು ಮುಂದುವರಿಯಿತು. ನಾನು ಗೋಡೆಗೆ ಮುಖ ಮಾಡಿ, ಕಿವಿಯಲ್ಲಿ ಅವರನ್ನೇ ತುಂಬಿಕೊಂಡು ಕೂತಿದ್ದಾಗ, ನನ್ನ ಬೆನ್ನ ಹಿಂದೆ ಅವ್ವ ತಂಬಿಗೆ ಕೆಳಗಿಟ್ಟು ಆ ಯಂತ್ರಕ್ಕೆ ಕೈ ಮುಗಿಯುತ್ತಿದ್ದಳು.

ಕೇಳಿದವರು ಯಾರು? ಫೋನಿನ ಆ ಕಡೆ ಗಿರಾಕಿ ನಿಟ್ಟುಸಿರು ಬಿಟ್ಟರೂ ಹಿಡಿದು, ಕಷ್ಟ ಗಮನಿಸಲಿಲ್ಲ ಎಂದು ಹುಡುಗರ ಅಂಕ ಕಡಿಯುವವರು. ಅವರಲ್ಲಿ ಅರ್ಧ ಜನಕ್ಕೆ ಆ ಕೆಲಸ ಕಲಿಸಿದವಳು ನಾನು. ಅವರ ಪೈಕಿ ಒಬ್ಬರೂ ನನಗೊಂದು ಮೆಸೇಜು ಹಾಕಲಿಲ್ಲ, ನಿಮ್ಮ ತಾಯಿ ಹೀಗನ್ನುತ್ತಿದ್ದಾರೆ ಎಂದು. ಮಳೆಯಾ ಎಂದು ಕೇಳಿದವಳೂ ಹಾಕಲಿಲ್ಲ. ನನಗೆ ಅವರ ಮೇಲೆ ಇರುವ ಸಿಟ್ಟು ಮ್ಯಾನೇಜರಿನ ಮೇಲೆ ಇರುವುದಕ್ಕಿಂತ ಕಮ್ಮಿಯದಲ್ಲ.

ನಾನು ಅವ್ವನ ಮಾತುಗಳನ್ನು ಒಂದೊಂದಾಗಿ ಹಿಂದಿಗೆ ತಿರುಗಿಸಿ ಹೇಳಿದೆ. ಎಲ್ಲೂ ದನಿ ಏರಿಸಲಿಲ್ಲ, ಒಂದು ಶಬ್ದವನ್ನೂ ಬಿಡಲಿಲ್ಲ. ಕೈ ಮುಗೀತೀನಿ ಎಂಬಲ್ಲಿಗೆ ಬಂದಾಗ ಆ ಹೆಂಗಸು ಬರೆಯುವುದನ್ನು ನಿಲ್ಲಿಸಿ ಮ್ಯಾನೇಜರಿನ ಕಡೆ ತಿರುಗಿದಳು. 'ನಿಮಗೆ ಕನ್ನಡ ಬರುತ್ತದಲ್ಲವೇ?' ಎಂದು ಕೇಳಿದಳು. ಅವನು, ಆಡಿಯೋ ಕ್ಲಿಯರ್ ಇರಲಿಲ್ಲ, ಎಂದ.

ವಿಚಾರಣೆ ಅಲ್ಲಿಗೆ ಮುಗಿಯಿತು. ಲ್ಯಾಪ್‌ಟಾಪಿನ ವಿಷಯ ಕೈಬಿಟ್ಟರು. ರಜೆ ಮುಗಿಯುವವರೆಗೆ ಯಾರೂ ನನಗೆ ಫೋನು ಮಾಡಬಾರದೆಂದು ಹೇಳಿದರು. ಅವನನ್ನು ಬೇರೆ ಗುಂಪಿಗೆ ಹಾಕಿದರು, ಅಲ್ಲಿಯೂ ಅವನು ಮ್ಯಾನೇಜರೇ. ನನ್ನ ಕುರ್ಚಿಯಲ್ಲಿ ತಾತ್ಕಾಲಿಕವೆಂದು ಒಬ್ಬರನ್ನು ಕೂರಿಸಿದರು, ಅವರು ಈಗಲೂ ಅಲ್ಲೇ ಇದ್ದಾರೆ. ನಾನು ರಜೆ ಮುಗಿಸಿ ಹೋಗಿ ಬೇರೆಯವರ ಕೈಕೆಳಗೆ ಕೆಲವು ತಿಂಗಳು ಕೂತು, ಆಮೇಲೆ ಬಿಟ್ಟೆ. ವಿಚಾರಣೆ ಮುಗಿದ ಅವತ್ತು ಲಿಫ್ಟಿನ ಹತ್ತಿರ ಮ್ಯಾನೇಜರ್ ನನ್ನ ಹಿಂದೆಯೇ ಬಂದ. ಬೇಜಾರಾದವನ ಹಾಗೆ ಮುಖ ಮಾಡಿಕೊಂಡು, ಅಚ್ಚ ಕನ್ನಡದಲ್ಲಿ, 'ನೀವು ನಿಮ್ಮ ತಾಯೀನ ಇದ್ರಲ್ಲೆಲ್ಲ ಎಳೀಬಾರ್ದಿತ್ತು' ಎಂದ. ನಾನು ಅವನಿಗೆ ಏನಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆಯ ಕನ್ನಡದಲ್ಲೇ ಅಂದೆ, ಆಡಿಯೋ ಕ್ಲಿಯರ್ ಇತ್ತು.

ಮನೆಗೆ ಬಂದಾಗ ಅವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ, ಕುರ್ಚಿ ಉಳಿಯಿತೇ ಎಂದು ಕೇಳಿದಳು. ನಾನು ಅವಳ ಎದುರು ನೆಲದ ಮೇಲೆ ಕೂತೆ.

'ಅವ್ವ, ನೀ ಆ ಲ್ಯಾಪ್‌ಟಾಪಿನ ಮುಂದ ಮಾತಾಡ್ತಿದ್ದೇನು?'

ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಮುಖ ತಗ್ಗಿಸಿದಳು. 'ನಿಂಗ ಕೇಳಸ್ತಿತ್ತಾ? ಕಿವಿ ಮುಚ್ಚಿದ್ದೆ ಅಲ್ಲ ನಿಂದು. ಸಿಟ್ಟಾಗಬ್ಯಾಡ. ಏನ್ ಮಾಡ್ಲಿ, ನಿನ್ನ ಮೈ ನಡಗ್ತಿತ್ತು, ಅವ್ರು ಬಿಡವಲ್ರು. ನಂಗ ಇಂಗ್ಲಿಷ್ ಎಲ್ಲಿ ಬರ್ತದ? ಬಂದದ್ದರಾಗ ಹೇಳ್ದೆ.' ಕೂಸಿನ ಹಣೆ ಸವರುತ್ತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಂತೆ ಮುಂದುವರಿಸಿದಳು. 'ಪಾಪ, ಅವ್ರದೂ ತಪ್ಪಿಲ್ಲ. ಇಂಗ್ಲಿಷ್ ಮಂದಿ, ಕನ್ನಡ ಹ್ಯಾಂಗ ತಿಳೀಬೇಕು? ತಿಳಿದಿದ್ರ ಬಿಡ್ತಿದ್ರು.'

ಮ್ಯಾನೇಜರಿಗಾಗಿ ಹೇಳದ, ಗಂಡನಿಗಾಗಿ ಹೇಳದ, ಕುರ್ಚಿಗಾಗಿ ಹೇಳದ ಸುಳ್ಳು ಅವಳಿಗಾಗಿ ನನ್ನ ಬಾಯಿಂದ ಬಂತು. 'ಹೌದವ್ವ, ಅವ್ರಿಗೆ ಕನ್ನಡ ಬರಂಗಿಲ್ಲ' ಎಂದೆ. ಅದನ್ನು ನನ್ನಿಂದ ಹೇಳಿಸಿದ್ದಕ್ಕೆ ಅವರಲ್ಲಿ ಒಬ್ಬರನ್ನೂ ನಾನು ಕ್ಷಮಿಸಿಲ್ಲ.